ಗಿಟಾರ್ ಉಳಿಯಿತು, ನಡೆ ಹೋಯಿತು

ಬ್ಲ್ಯಾಕ್ ಸಬ್ಬತ್ ತಂಡದ ಮಾತು ಬಂದರೆ ಹೆವಿ ಮೆಟಲ್ ಕೇಳುಗರ ಜಗಳ ಗಾಯಕರ ಸುತ್ತಲೇ ಸುತ್ತುತ್ತದೆ. ಆಜಿ ಆಸ್ಬರ್ನ್ ಹಾಡಿದ್ದೇ ನಿಜವಾದ ಸಬ್ಬತ್ ಎನ್ನುವವರು ಒಂದು ಕಡೆ, ರೋನಿ ಜೇಮ್ಸ್ ಡಿಯೋ ಪಕ್ಷದವರು ಇನ್ನೊಂದು ಕಡೆ. ಎಂಬತ್ತರ ದಶಕದ ಕೊನೆಯ ಆಲ್ಬಮ್‌ಗಳನ್ನು ಮಾತ್ರ ಎರಡೂ ಪಕ್ಷದವರು ಲೆಕ್ಕಕ್ಕೆ ಹಿಡಿಯುವುದಿಲ್ಲ. 1987ರ ‘ದಿ ಇಟರ್ನಲ್ ಐಡಲ್’ಗೆ ಇದರಿಂದ ದೊಡ್ಡ ಅನ್ಯಾಯವಾಗಿದೆ. ಗಾಯಕ ಹೋದನೆಂದು ನಾವು ಇಷ್ಟು ವರ್ಷ ಮರುಗಿದೆವು. ಸಬ್ಬತ್ ನಿಜವಾಗಿ ಕಳೆದುಕೊಂಡದ್ದು ಬೇರೆಯೇ.

ಈ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್‌ನಲ್ಲಿ. ತಂಡದ ಗಿಟಾರ್ ವಾದಕ ಟೋನಿ ಅಯೋಮಿಗೆ ಹದಿನೇಳು ವರ್ಷವಾಗಿದ್ದಾಗ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈ ಸಿಕ್ಕಿ ಎರಡು ಬೆರಳುಗಳ ತುದಿ ತುಂಡಾಯಿತು. ಎಡಗೈಯಲ್ಲಿ ಮೀಟುವ ಅವರಿಗೆ ತಂತಿ ಒತ್ತಲು ಬೇಕಾಗಿದ್ದು ಆ ಬೆರಳುಗಳೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳ ತುದಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಸಡಿಲಾದ ತಂತಿಯಿಂದ ಹೊರಟ ಆ ಭಾರದ, ಮಂದ್ರದ ನಾದವೇ ಒಂದು ಇಡೀ ಪರಂಪರೆಗೆ ತಳಪಾಯವಾಯಿತು.

ಆದರೆ ಗಿಟಾರಿನಲ್ಲಿ ಮರಳಿ ಮರಳಿ ಬರುವ ಸ್ವರಗುಚ್ಛ, ಅಂದರೆ ರಿಫ್, ಒಂದರಿಂದಲೇ ಸಬ್ಬತ್ ಆಗಲಿಲ್ಲ. ಯಕ್ಷಗಾನ ನೋಡಿದವರಿಗೆ ಗೊತ್ತು, ಚಪ್ಪಾಳೆ ಮುಮ್ಮೇಳದ ವೇಷಕ್ಕೆ ಬಿದ್ದರೂ ಆಟ ಏಳುವುದು, ಬೀಳುವುದು ಹಿಮ್ಮೇಳದಿಂದ. ಗೀಜರ್ ಬಟ್ಲರ್ ಬೇಸ್ ಗಿಟಾರಿನ ತಂತಿಯನ್ನು ಎಳೆದು ಸ್ವರ ಜಾರಿಸುತ್ತಾ ಅಯೋಮಿಯ ಬೆನ್ನಿಗೆ ಅಂಟಿಕೊಂಡೇ ಸಾಗುತ್ತಾರೆ. ಡ್ರಮ್ಸ್ ಬಾರಿಸುವ ಬಿಲ್ ವಾರ್ಡ್ ಜಾಝ್ ಡ್ರಮ್ಮರುಗಳನ್ನು ಕೇಳುತ್ತಾ ಬೆಳೆದವರು. 1970ರ ‘ವಾರ್ ಪಿಗ್ಸ್’ನಲ್ಲಿ ಗಿಟಾರ್ ಎರಡೇ ಪೆಟ್ಟು ಹೊಡೆದು ಸುಮ್ಮನಾಗುವ ಜಾಗವಿದೆ. ಆ ಖಾಲಿ ಜಾಗದಲ್ಲಿ ವಾರ್ಡ್ ಹೈ-ಹ್ಯಾಟನ್ನು ಮಾತ್ರ ಆಡಿಸುತ್ತಾರೆ. ಲಯ ಕಿಂಚಿತ್ತು ತೂಗುತ್ತದೆ, ಮುಂದಿನ ಪೆಟ್ಟು ಯಾವಾಗ ಬೀಳುತ್ತದೋ ಎಂದು ಮೈ ಕಾಯುತ್ತದೆ. ಸಬ್ಬತ್ ಹುಟ್ಟಿಸುವ ಭಯವೆಲ್ಲ ಆ ತೂಗಾಟದಲ್ಲಿದೆ.

1979ರಲ್ಲಿ ಆಜಿಯನ್ನು ಕೈಬಿಟ್ಟ ಮೇಲೂ ‘ಹೆವನ್ ಅಂಡ್ ಹೆಲ್’ ಆಲ್ಬಮ್ ಗೆದ್ದದ್ದಕ್ಕೆ ಎಲ್ಲರೂ ಡಿಯೋ ಕಂಠದ ಕಡೆ ಕೈತೋರಿಸುತ್ತಾರೆ. ಅದ್ಭುತ ಕಂಠ ನಿಜ. ಆದರೆ ಅದರಡಿಯಲ್ಲಿ ಬಟ್ಲರ್ ಮತ್ತು ವಾರ್ಡ್ ಇನ್ನೂ ಇದ್ದರು. 1985ರ ಹೊತ್ತಿಗೆ ಅವರಿಬ್ಬರೂ ಇಲ್ಲ, ಮೂಲ ನಾಲ್ವರಲ್ಲಿ ಅಯೋಮಿ ಒಬ್ಬರೇ. ಅವರು ಸ್ವಂತ ಹೆಸರಲ್ಲಿ ತರಬೇಕೆಂದಿದ್ದ ‘ಸೆವೆಂತ್ ಸ್ಟಾರ್’ ಕೂಡ 1986ರಲ್ಲಿ ರೆಕಾರ್ಡ್ ಕಂಪನಿಯ ಒತ್ತಡದಿಂದ ಸಬ್ಬತ್ ಹೆಸರು ಹೊತ್ತೇ ಬಂತು.

‘ಇಟರ್ನಲ್ ಐಡಲ್’ ತಯಾರಾದದ್ದು ಅದರ ಮುಂದಿನ ಗೊಂದಲದಲ್ಲಿ. ಮೊದಲ ನಿರ್ಮಾಪಕ ಜೆಫ್ ಗ್ಲಿಕ್ಸ್‌ಮನ್ ನಡುವೆಯೇ ಹೋದರು, ಕೊನೆಗೆ ಕೆಲಸ ಮುಗಿಸಿದ್ದು ಕ್ರಿಸ್ ಸಂಗಾರಿಡೀಸ್. ಬೇಸ್ ನುಡಿಸುತ್ತಿದ್ದ ಡೇವ್ ಸ್ಪಿಟ್ಜ್ ಜಾಗಕ್ಕೆ ಬಾಬ್ ಡೈಸ್ಲಿ ಬಂದು ಸಾಹಿತ್ಯವನ್ನೂ ಬರೆದರು. ಆಜಿಯ ಮೊದಲ ಸ್ವಂತ ಆಲ್ಬಮ್‌ಗೆ ಸಾಹಿತ್ಯ ಕೊಟ್ಟವರೂ ಇದೇ ಡೈಸ್ಲಿ. ಡ್ರಮ್ಮರ್ ಎರಿಕ್ ಸಿಂಗರ್ ತಮ್ಮ ಭಾಗ ಬಾರಿಸಿಟ್ಟು ಬಿಟ್ಟುಹೋದರು. ಗಾಯಕ ರೇ ಗಿಲ್ಲೆನ್ ಹಾಡೆಲ್ಲ ಹಾಡಿಟ್ಟು ಹೊರಟೇಬಿಟ್ಟರು. ಬರ್ಮಿಂಗ್‌ಹ್ಯಾಮ್‌ನವರೇ ಆದ ಟೋನಿ ಮಾರ್ಟಿನ್ ಬಂದು ಅದೇ ಹಾಡುಗಳನ್ನು ಮತ್ತೆ ಹಾಡಿದರು. ‘ನೈಟ್‌ಮೇರ್’ನಲ್ಲಿ ಕೇಳುವ ವಿಕಟ ನಗು ಮಾತ್ರ ಗಿಲ್ಲೆನ್ ಅವರದೇ, ಅದು ಹಾಗೇ ಉಳಿದುಕೊಂಡಿತು. ಅದೇ 1987ರಲ್ಲಿ ತಂಡ ವರ್ಣಭೇದದ ದಕ್ಷಿಣ ಆಫ್ರಿಕಾದ ಸನ್ ಸಿಟಿಗೆ ಹೋಗಿ ನುಡಿಸಿದ್ದನ್ನು ನಾನು ಕ್ಷಮಿಸಲಾರೆ. ಡ್ರಮ್ಮರ್ ಬೆವ್ ಬೆವನ್ ಅಲ್ಲಿಗೆ ಹೋಗಲು ಒಪ್ಪದೆ ತಂಡವನ್ನೇ ಬಿಟ್ಟರು. ಆ ತಂಡದಲ್ಲಿ ಆಗ ಸರಿಯಾದ ದಾರಿ ಹಿಡಿದವರು ಅವರೇ.

ಗಿಲ್ಲೆನ್ ಹಾಡಿದ ರೂಪ 2010ರ ಮರುಮುದ್ರಣದ ಜೊತೆ ಅಧಿಕೃತವಾಗಿ ಹೊರಬಂತು. ವಿಮರ್ಶಕನಿಗೆ ಇಂಥ ಅವಕಾಶ ಅಪರೂಪ: ವಾದ್ಯಗಳು ಬಹುಪಾಲು ಅವೇ, ಕಂಠ ಮಾತ್ರ ಬೇರೆ. ‘ದಿ ಶೈನಿಂಗ್’ ಹಾಡನ್ನು ಎರಡೂ ರೂಪದಲ್ಲಿ ಕೇಳಿ. ಗಿಲ್ಲೆನ್ ಕಂಠದಲ್ಲಿ ಬ್ಲೂಸ್‌ನ ಒರಟುತನವಿದೆ, ಮಾರ್ಟಿನ್ ಕಂಠ ತೆರೆದು ಮೇಲಕ್ಕೇರುತ್ತದೆ. ನನಗೆ ಮಾರ್ಟಿನ್ ಹಿಡಿಸುತ್ತಾರೆ. ಆದರೆ ಯಾರೇ ಹಾಡಲಿ, ರಿಫ್ ಶುರುವಾದ ಮರುಕ್ಷಣವೇ ಇದು ಸಬ್ಬತ್ ಎಂದು ಕಿವಿ ಹೇಳುತ್ತದೆ. ಯಾರೇ ಹಾಡಲಿ, ಒಂದು ಕೊರತೆಯೂ ಹಾಗೇ ಉಳಿಯುತ್ತದೆ. ಸಿಂಗರ್ ಬಿಗಿಯಾಗಿ, ನೇರವಾಗಿ ಬಾರಿಸುತ್ತಾರೆ. ಡೈಸ್ಲಿ ಅಚ್ಚುಕಟ್ಟು. ಎಲ್ಲ ಪೆಟ್ಟೂ ಬೀಳಬೇಕಾದಲ್ಲೇ ಬೀಳುತ್ತದೆ, ಹಾಗಾಗಿ ಕಾಯುವುದಕ್ಕೆ ಏನೂ ಇರುವುದಿಲ್ಲ. ನಿಧಾನಗತಿಯ ಶೀರ್ಷಿಕೆ ಗೀತೆಯೊಂದರಲ್ಲಿ ಮಾತ್ರ ಹಳೆಯ ಭಾರ ಮರಳುತ್ತದೆ. ಅಷ್ಟು ಮಂದಗತಿಯಲ್ಲಿ ಮೌನವೇ ಲಯದ ಅರ್ಧ ಕೆಲಸ ಮಾಡಿಬಿಡುತ್ತದೆ. ಆ ಹಾಡನ್ನು ಸಬ್ಬತ್‌ನ ಶ್ರೇಷ್ಠ ರಚನೆಗಳ ಸಾಲಿಗೆ ಸೇರಿಸಲು ನಾನು ಹಿಂಜರಿಯುವುದಿಲ್ಲ.

2013ರ ಆಲ್ಬಮ್ ‘13’ ನನ್ನ ಅನುಮಾನವನ್ನು ಗಟ್ಟಿಮಾಡಿತು. ಆಜಿ ಮರಳಿದ್ದರು, ಬಟ್ಲರ್ ಇದ್ದರು, ಅಯೋಮಿ ಲಿಂಫೋಮಾ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಲೇ ಕೆಲಸ ಮಾಡಿದ್ದರು. 1970ರ ‘ಪ್ಯಾರನಾಯ್ಡ್’ ಬಳಿಕ ಮೊದಲ ಸಲ ಅವರ ಆಲ್ಬಮ್ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೇರಿತು. ಕರಾರಿನ ತಕರಾರಿನಿಂದ ವಾರ್ಡ್ ಹೊರಗುಳಿದರು, ಡ್ರಮ್ಸ್ ಬ್ರಾಡ್ ವಿಲ್ಕ್ ಪಾಲಾಯಿತು. ಗಾಯಕನೇ ಎಲ್ಲವೂ ಆಗಿದ್ದರೆ ಈ ಆಲ್ಬಮ್‌ನಲ್ಲಿ 1970 ಮರುಕಳಿಸಬೇಕಿತ್ತು. ಮರುಕಳಿಸಲಿಲ್ಲ. ವಿಲ್ಕ್ ಸಮರ್ಥರು, ಪ್ರತಿ ರಿಫ್‌ಗೂ ನಿಷ್ಠೆಯಿಂದ ಜೊತೆ ಕೊಡುತ್ತಾರೆ. ವಾರ್ಡ್ ಮಾತ್ರ ಅಯೋಮಿಯ ಗಿಟಾರಿಗೆ ಎದುರು ಮಾತಾಡುತ್ತಿದ್ದರು.