ಎರಡು ಬುಟ್ಟಿ, ಒಂದು ಚೀಲ: ಒಂದು ಪೌರವ್ಯವಸ್ಥೆಯ ವಿಮರ್ಶೆ

ಬೆಂಗಳೂರಿನ ಗೃಹಸ್ಥರು ತಮ್ಮ ಮನೆಯ ಕಸವನ್ನು ಮೂರು ಪಾಲು ಮಾಡಿಯೇ ಹೊರಗಿಡತಕ್ಕದ್ದೆಂದೂ, ಅಡುಗೆಮನೆಯ ಹಸಿಕಸಕ್ಕೆ ಹಸಿರು ಬುಟ್ಟಿಯನ್ನು, ಮರುಬಳಕೆಗೆ ಬಾರದ ಮಲಿನವಸ್ತುಗಳಿಗೆ ಕೆಂಪು ಬುಟ್ಟಿಯನ್ನು, ಕಾಗದ ಪ್ಲಾಸ್ಟಿಕ್ ಗಾಜು ಲೋಹಗಳಿಗೆ ಒಂದು ಚೀಲವನ್ನು ಮೀಸಲಿಡತಕ್ಕದ್ದೆಂದೂ 2015ರ ಡಿಸೆಂಬರ್ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ವಿಧಿಸಿದಾಗ, ನ್ಯಾಯಪೀಠವೊಂದು ಅಡುಗೆಮನೆಯ ಮೂಲೆಯವರೆಗೂ ಕೈಚಾಚಿತಲ್ಲಾ ಎಂದು ನಕ್ಕವರು ಉಂಟು. ನಗತಕ್ಕ ಕಾರಣವೇನೂ ಇರಲಿಲ್ಲ. ಪೌರಸಭೆಯು ಸ್ವಯಂಪ್ರೇರಣೆಯಿಂದ ಮಾಡಬೇಕಾಗಿದ್ದುದನ್ನು ನ್ಯಾಯಾಲಯವು ಮಾಡಿಸಬೇಕಾಗಿ ಬಂದುದು ವಿಷಾದದ ಸಂಗತಿಯಾದರೂ, ಮಾಡಿಸಿದ ಕಾರ್ಯವು ತನ್ನಷ್ಟಕ್ಕೆ ವಿವೇಕಯುತವಾದದ್ದು. ವಿವೇಕವು ಕುಂಠಿತವಾಗಿರುವುದು ಬೇರೊಂದು ಕಡೆಯಲ್ಲಿ. ಬೇರ್ಪಡಿಸಿದ ಕಸವನ್ನು ಮುಂದಕ್ಕೆ ಸಾಗಿಸುವವರಿಗೆ ಕೂಲಿ ಕೊಡತಕ್ಕವರು ಯಾರು, ಯಾವ ಲೆಕ್ಕದಲ್ಲಿ, ಎಂಬ ಪ್ರಶ್ನೆಯನ್ನು ನಗರವು ಇಂದಿಗೂ ನೇರವಾಗಿ ಎದುರಿಸಿಲ್ಲ.

ಈ ವ್ಯವಸ್ಥೆಯು ಹುಟ್ಟಿದ್ದು ಸದುದ್ದೇಶದಿಂದಲ್ಲ, ಸಂಕಟದಿಂದ. ಮನೆಯಲ್ಲಿಯೇ ಕಸ ಬೇರ್ಪಡಬೇಕೆಂಬ ತತ್ತ್ವವು ಕೇಂದ್ರಸರ್ಕಾರದ 2000ನೆಯ ಇಸವಿಯ ನಿಯಮಗಳಲ್ಲಿಯೇ ಇದ್ದಿತು. ಬೆಂಗಳೂರಿನ ಅಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದ ಮೊಕದ್ದಮೆಯು ಆ ನಿಯಮಗಳ ಹಿಂದಿನ ಪ್ರೇರಣೆಗಳಲ್ಲೊಂದು. ಆದರೆ ಯಲಹಂಕದಾಚೆಯ ಮಾವಳ್ಳಿಪುರವೂ ಹಳೆಯ ಮದರಾಸು ರಸ್ತೆಯ ಕಡೆಯ ಮಂಡೂರೂ ನಗರದ ಕಸವನ್ನೆಲ್ಲ ಮೌನವಾಗಿ ನುಂಗುತ್ತಿದ್ದಷ್ಟು ಕಾಲ ಆ ನಿಯಮಗಳನ್ನು ಓದುವ ಅಗತ್ಯ ಯಾರಿಗೂ ಕಾಣಲಿಲ್ಲ. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಬೀದಿಬೀದಿಗಳಲ್ಲಿ ರಾಶಿಗಳು ಬೆಳೆದವು. ಆ ವರ್ಷದ ಅಕ್ಟೋಬರ್ 1ರಿಂದ ವಿಂಗಡಣೆ ಕಡ್ಡಾಯವೆಂದು ಪಾಲಿಕೆ ಸಾರಿತು. ಹಳ್ಳಿಗರ ಪ್ರತಿಭಟನೆಗಳು ನಿಲ್ಲದೆ, 2014ರ ಕೊನೆಯ ವೇಳೆಗೆ ಮಂಡೂರೂ ಮುಚ್ಚಿತು. ತಮ್ಮ ಬಾವಿಯ ನೀರನ್ನೂ ಉಸಿರಾಡುವ ಗಾಳಿಯನ್ನೂ ಕಳೆದುಕೊಂಡ ಆ ಗ್ರಾಮಸ್ಥರೇ ಬೆಂಗಳೂರಿಗೆ ಕಸದ ಪಾಠವನ್ನು ಕಲಿಸಿದ ಮೊದಲ ಗುರುಗಳು. ಅವರಿಗೆ ಗುರುದಕ್ಷಿಣೆ ಸಂದಿತೆಂದು ಹೇಳುವ ಧೈರ್ಯ ನನಗಿಲ್ಲ. ಇದು ಬೆಂಗಳೂರಿಗೆ ಮಾತ್ರ ಸೀಮಿತವಾದ ಕಥೆಯೂ ಅಲ್ಲ. ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡವು 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಜಾರಿ ಮಂದಾರದ ಮನೆ ತೋಟಗಳ ಮೇಲೆ ಹರಿದುದನ್ನು ಕಂಡವರಿಗೆ, ಕಸವನ್ನು ಒಂದೆಡೆ ಪೇರಿಸಿಡುವುದೇ ಅಗ್ಗದ ಮಾರ್ಗವೆಂಬ ವಾದವನ್ನು ಯಾರೂ ಮತ್ತೆ ಹೇಳಲಾರರು.

ಎರಡು ಬುಟ್ಟಿ ಒಂದು ಚೀಲದ ಯೋಜನೆಯಲ್ಲಿ ನಾನು ಮೆಚ್ಚುವ ಗುಣವೆಂದರೆ ಅದರ ಮಿತವ್ಯಯ. ಬೇರೆ ಬೇರೆ ದೇಶಗಳಲ್ಲಿ ಗಾಜಿಗೊಂದು, ಡಬ್ಬಕ್ಕೊಂದು, ರಟ್ಟಿಗೊಂದು ಎಂದು ಪೆಟ್ಟಿಗೆಗಳ ಸಾಲನ್ನೇ ಇಡುವುದುಂಟು. ಹತ್ತಡಿಯ ಅಡುಗೆಮನೆಯಲ್ಲಿ ಐವರು ಬದುಕುವ ನಮ್ಮ ಊರಿನಲ್ಲಿ ಅದು ನಡೆಯತಕ್ಕ ಮಾತಲ್ಲ. ಕೊಳೆಯುವುದು, ಕೊಳೆಯದುದು, ಮುಟ್ಟಬಾರದುದು ಎಂಬ ವಿಭಾಗವನ್ನು ನಮ್ಮ ಮನೆಗಳ ಹೆಂಗಸರು ಯಾವ ನಿಯಮಾವಳಿಯನ್ನೂ ಓದದೆ ಮಾಡಬಲ್ಲರು. ಹಸಿಕಸವನ್ನು ದಿನವೂ ಒಯ್ಯುವುದು, ಒಣಕಸವನ್ನು ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಒಯ್ಯುವುದು ಎಂಬ ಕ್ರಮವೂ ಯುಕ್ತವಾದದ್ದೇ. ಏಕೆಂದರೆ ಹಳೆಯ ಕಾಗದವು ನಾಲ್ಕು ದಿನ ಕಾದರೆ ಕೆಡುವುದಿಲ್ಲ. ನಗರದ ಕಸದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಹಸಿಯಾದ ಕಾರಣ, ಅದನ್ನು ಬೇರ್ಪಡಿಸಿದ ಮಾತ್ರದಿಂದಲೇ ಒಣಕಸವು ಒಣಗಿಯೇ ಉಳಿದು ಬೆಲೆಯುಳ್ಳ ಪದಾರ್ಥವಾಗುತ್ತದೆ. ಸಾರು ಚೆಲ್ಲಿದ ರಟ್ಟನ್ನು ಯಾವ ಗುಜರಿಯವನೂ ಕೊಳ್ಳನು. ಹೀಗೆ ವಿನ್ಯಾಸದ ವಿಷಯದಲ್ಲಿ ನನಗೆ ಆಕ್ಷೇಪಣೆಯಿಲ್ಲ. ಆಟೋ ಟಿಪ್ಪರಿನವನು ಮೂರನ್ನೂ ಒಂದೇ ಗುಡ್ಡೆಗೆ ಸುರಿದುಕೊಂಡು ಹೋಗುವ ದೃಶ್ಯವನ್ನು ನೋಡಿ ಬುಟ್ಟಿಗಳನ್ನು ಮೂಲೆಗೆಸೆದ ಮನೆಗಳು ಎಷ್ಟೋ ಇವೆಯೆಂಬುದನ್ನು ಬಲ್ಲೆನಾದರೂ, ಆ ದೋಷ ಬುಟ್ಟಿಗಳದಲ್ಲ.

ಇನ್ನು ಚೀಲದ ಕಥೆ. ಬಡಾವಣೆಗಳಲ್ಲಿ ಒಣತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ಸ್ಥಾಪಿಸಿ, ಅವುಗಳಲ್ಲಿ ಅನೇಕವನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರ ಕೈಗೇ ಒಪ್ಪಿಸಿದ್ದು ಬೆಂಗಳೂರಿನ ನಿಜವಾದ ಕೀರ್ತಿ. ಪೋಲೀಸರ ಲಾಠಿಗೂ ನಾಯಿಗಳ ಹಲ್ಲಿಗೂ ಸಮಾನವಾಗಿ ಗುರಿಯಾಗಿದ್ದ ಆ ಜನರಿಗೆ ಪಾಲಿಕೆಯು ವೃತ್ತಿಯ ಗುರುತಿನ ಚೀಟಿಗಳನ್ನು ಕೊಟ್ಟಿತು. ಹಸಿರು ದಳದಂಥ ಸಂಸ್ಥೆಗಳು ಅವರಿಗೆ ಲೆಕ್ಕ ಬರೆಯುವುದನ್ನೂ ಕರಾರು ಓದುವುದನ್ನೂ ಕಲಿಸಿದವು. ಸಮಾಜವು ಅಸ್ಪೃಶ್ಯವೆಂದು ದೂರವಿರಿಸಿದ ವಿದ್ಯೆಯೊಂದು ಪೌರಸೇವೆಯ ಪದವಿಗೇರಿದ ಈ ಘಟನೆಯನ್ನು ಅಲ್ಪವೆಂದೆಣಿಸತಕ್ಕದ್ದಲ್ಲ. ಮುಟ್ಟಿದ ಮಾತ್ರದಿಂದಲೇ ಈ ಪ್ಲಾಸ್ಟಿಕ್ ಯಾವ ಜಾತಿಯದು, ಯಾವ ಅಂಗಡಿಗೆ ಹೋಗತಕ್ಕದ್ದು ಎಂದು ಹೇಳಬಲ್ಲ ಅವರ ಕೈಯ ಪಾಂಡಿತ್ಯದ ಮುಂದೆ ನಮ್ಮ ಸಮಿತಿಗಳ ವರದಿಗಳು ಸಪ್ಪೆ.

ಆದರೆ ಕೀರ್ತಿಯಿಂದ ಹೊಟ್ಟೆ ತುಂಬುವುದಿಲ್ಲವಷ್ಟೆ. ಆರಂಭದ ವರ್ಷಗಳಲ್ಲಿ ಪಾಲಿಕೆಯ ಧೋರಣೆಯೇನೆಂದರೆ, ಶೆಡ್ಡು ನಮ್ಮದು, ನೀರು ದೀಪ ನಮ್ಮದು, ಉಳಿದುದನ್ನು ಕಸವೇ ಕೊಡುತ್ತದೆ ಎಂಬುದು. ‘ಕಸದಿಂದ ರಸ’ ಎಂಬ ಘೋಷವಾಕ್ಯವು ಗೋಡೆಗೋಡೆಗಳ ಮೇಲೆ ಶೋಭಿಸುತ್ತಿದ್ದ ಕಾಲವದು. ಆ ರಸದಲ್ಲಿಯೇ ಕೇಂದ್ರದ ಕೂಲಿ, ಬಾಡಿಗೆ ಗಾಡಿ, ಕೈಗವಸು ಎಲ್ಲವೂ ಹುಟ್ಟಬೇಕಿತ್ತು. ವಾಸ್ತವದಲ್ಲಿ ಆ ಚೀಲದಲ್ಲಿ ಏನಿರುತ್ತದೆಂಬುದನ್ನು ಯಾರೂ ಕೇಳಲಿಲ್ಲ. ಬೆಲೆಯುಳ್ಳ ದಿನಪತ್ರಿಕೆ, ಹಾಲಿನ ಕವರು, ಗಟ್ಟಿ ರಟ್ಟುಗಳನ್ನು ಗೃಹಿಣಿಯು ಮೊದಲೇ ಎತ್ತಿಟ್ಟು ರದ್ದಿಯವನಿಗೆ ತೂಗಿ ಮಾರುತ್ತಾಳೆ, ಅದು ಅವಳ ಹಕ್ಕು. ಉಳಿದುದರಲ್ಲಿ ನೀರಿನ ಬಾಟಲಿ, ತಗಡುಗಳನ್ನು ಗಾಡಿಯ ಹಿಂದೆ ನಿಂತವನು ದಾರಿಯಲ್ಲಿಯೇ ಆರಿಸಿಕೊಳ್ಳುತ್ತಾನೆ, ಅವನ ಸಂಬಳವನ್ನು ನೋಡಿದರೆ ಅದನ್ನೂ ತಪ್ಪೆನ್ನಲಾಗದು. ಕೊನೆಗೆ ಕೇಂದ್ರವನ್ನು ತಲಪುವುದು ಚಿಪ್ಸಿನ ಪೊಟ್ಟಣ, ಹರಿದ ಚಪ್ಪಲಿ, ಥರ್ಮೋಕೋಲು, ಒಡೆದ ಗಾಜು, ಬಟ್ಟೆಯ ಚೂರು. ಕೆನೆಯನ್ನೆಲ್ಲ ದಾರಿಯುದ್ದಕ್ಕೂ ತೆಗೆದು ನೀರುಹಾಲನ್ನು ಮಾತ್ರ ಕಳುಹಿಸಿ, ಬೆಣ್ಣೆಯೆಲ್ಲಿ ಎಂದು ಕೇಳಿದಂತಾಯಿತು ಈ ಲೆಕ್ಕ. ಸಾಲದುದಕ್ಕೆ, ಜಾಲಿ ಮೊಹಲ್ಲಾದ ಗುಜರಿಪೇಟೆಯಲ್ಲಿಯೂ ನಾಯಂಡಹಳ್ಳಿಯ ಪ್ಲಾಸ್ಟಿಕ್ ಅರೆಯುವ ಕಾರ್ಖಾನೆಗಳಲ್ಲಿಯೂ ನಡೆಯುವ ದರವನ್ನು ಆಳುವುದು ಬೆಂಗಳೂರಿನ ಪಾಲಿಕೆಯಲ್ಲ, ಪರದೇಶದ ಕಚ್ಚಾತೈಲದ ಪೇಟೆ. ತೈಲದ ಬೆಲೆ ಬಿದ್ದಾಗ ಹೊಸ ಪ್ಲಾಸ್ಟಿಕ್ಕೇ ಅಗ್ಗವಾಗಿ ಹಳೆಯದನ್ನು ಕೇಳುವವರಿಲ್ಲದಾಗುತ್ತಾರೆ. ಆಗ ಕೇಂದ್ರದ ಶೆಡ್ಡಿನಲ್ಲಿ ಮೂಟೆಗಳು ಸೂರು ಮುಟ್ಟುತ್ತವೆ, ಆದರೆ ಮನೆಗಳಿಂದ ಕಸ ಬರುವುದೇನೂ ನಿಲ್ಲುವುದಿಲ್ಲ.

ಇಲ್ಲಿಯೇ ತಾತ್ತ್ವಿಕವಾದ ಪ್ರಮಾದವಿರುವುದು. ಮರುಬಳಕೆಯೆಂಬುದನ್ನು ನಾವು ವ್ಯಾಪಾರವೆಂದು ಭಾವಿಸಿದೆವು, ಅದು ಲಾಭ ತರಲೆಂದು ನಿರೀಕ್ಷಿಸಿದೆವು. ಬೀದಿಯ ದೀಪವು ಲಾಭ ತರಲೆಂದು ಯಾರೂ ಬಯಸುವುದಿಲ್ಲ. ಚರಂಡಿಯ ಹೂಳನ್ನು ಮಾರಿ ಚರಂಡಿಯವನಿಗೆ ಕೂಲಿ ಕೊಡಿರೆಂದು ಯಾವ ಎಂಜಿನಿಯರೂ ಹೇಳುವುದಿಲ್ಲ. ಮನೆಬಾಗಿಲಿನಿಂದ ಒಣಕಸವನ್ನು ಒಯ್ದು ವಿಂಗಡಿಸುವುದು ಅವುಗಳಂತೆಯೇ ಸಾರ್ವಜನಿಕ ಸೇವೆ; ಮಾರಾಟದಿಂದ ಬಂದ ಹಣವು ಅದರ ವೆಚ್ಚವನ್ನು ಕೊಂಚ ತಗ್ಗಿಸೀತು, ತೀರಿಸಲಾರದು. ಇನ್ನೊಂದು ಕಡೆ, ಮಿಶ್ರ ಕಸವನ್ನು ಸಾಗಿಸುವ ಗುತ್ತಿಗೆದಾರನಿಗೆ ಟನ್ನಿನ ಅಥವಾ ಗಾಡಿಯ ಸುತ್ತಿನ ಲೆಕ್ಕದಲ್ಲಿ ಹಣ ಸಲ್ಲುವ ಪಕ್ಷದಲ್ಲಿ, ಬೇರ್ಪಡದ ಪ್ರತಿಯೊಂದು ಕಿಲೋ ಅವನಿಗೆ ಆದಾಯ, ಬೇರ್ಪಟ್ಟ ಪ್ರತಿಯೊಂದು ಕಿಲೋ ನಷ್ಟ. ಹೂಳುವವನಿಗೆ ಖಜಾನೆಯಿಂದ ಹಣ, ಉಳಿಸುವವನಿಗೆ ಪೇಟೆಯ ಕರುಣೆ! ಇಂಥ ಏರ್ಪಾಟಿನಲ್ಲಿ ವಿಂಗಡಣೆ ಸೋತಿತೆಂದು ನಾಗರಿಕರ ಸಂಸ್ಕಾರವನ್ನು ದೂಷಿಸುವುದು ನ್ಯಾಯವಲ್ಲ.

ಹಾಗಾದರೆ ಗೃಹಸ್ಥನು ಹಣ ಕೊಡಬೇಕೆ? ಕೊಡಬೇಕು. ಆಸ್ತಿತೆರಿಗೆಯೊಡನೆ ಬಹುಕಾಲದಿಂದ ಇದ್ದ ಉಪಕರವು ಸಾಲದೆಂದು 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಬಳಕೆದಾರರ ಶುಲ್ಕವನ್ನು ಜಾರಿಗೆ ತಂದಾಗ ಎದ್ದ ಕೋಲಾಹಲದಲ್ಲಿ ನಾನು ದನಿಗೂಡಿಸಲಾರೆ. 600 ಚದರಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿಯನ್ನು ಮೀರಿದ ಬಂಗಲೆಗೆ 400 ರೂಪಾಯಿ ಎಂಬ ಶ್ರೇಣಿಯು ಹಣದ ಮೊತ್ತದಲ್ಲಿ ಕ್ರೂರವಾದದ್ದಲ್ಲ. ಅದನ್ನು ಟೀಕಿಸಿದವರಲ್ಲಿ ಒಂದು ಪಕ್ಷದವರ ವಾದ ಗಮನಾರ್ಹವಾದದ್ದು: ದೊಡ್ಡ ಮನೆಯಲ್ಲಿ ವೃದ್ಧದಂಪತಿಗಳಿಬ್ಬರೇ ಇದ್ದು, ಹಸಿಕಸವನ್ನು ಹಿತ್ತಲಲ್ಲಿಯೇ ಗೊಬ್ಬರ ಮಾಡುತ್ತಿದ್ದರೂ ಹೆಚ್ಚು ಕೊಡಬೇಕು, ಚಿಕ್ಕ ಮನೆಯಲ್ಲಿ ಎಂಟು ಜನ ಎಷ್ಟು ಎಸೆದರೂ ಕಡಿಮೆ ಕೊಟ್ಟರೆ ಸಾಕು, ಇದು ಎಸೆದವನು ತೆರತಕ್ಕದ್ದೆಂಬ ಧರ್ಮಕ್ಕೆ ವಿರುದ್ಧವಲ್ಲವೆ ಎಂದು. ಆ ಧರ್ಮವನ್ನು ಅಕ್ಷರಶಃ ಆಚರಿಸಿದ ದೇಶ ದಕ್ಷಿಣ ಕೊರಿಯಾ. 1995ರಿಂದ ಅಲ್ಲಿ ಉಳಿದ ಕಸವನ್ನು ಪೌರಸಂಸ್ಥೆಯು ಗೊತ್ತುಮಾಡಿದ, ಬೆಲೆ ಕೊಟ್ಟು ಕೊಂಡ ಚೀಲದಲ್ಲಿಯೇ ಹಾಕಬೇಕು; ಮರುಬಳಕೆಯ ವಸ್ತುಗಳನ್ನು ಬೇರೆ ಇಟ್ಟರೆ ಪುಕ್ಕಟೆ ಒಯ್ಯುತ್ತಾರೆ. 2013ರಿಂದ ಅಡುಗೆಯ ಉಳಿಕೆಗೂ ಅಳತೆಯ ಶುಲ್ಕ ಬಂದಿತು. ಜನರು ಲೋಭದಿಂದಲಾದರೂ ಬೇರ್ಪಡಿಸಿದರು, ಹೂಳುವ ಕಸ ಗಣನೀಯವಾಗಿ ತಗ್ಗಿತು.

ಆದರೂ ಚೀಲದ ಸುಂಕವನ್ನು ಬೆಂಗಳೂರಿಗೆ ತರಬೇಕೆನ್ನುವವರೊಡನೆ ನನ್ನ ಸಮ್ಮತಿಯಿಲ್ಲ. ಸುಂಕವಿಲ್ಲದ ಇಂದೇ, ರಾತ್ರಿ ದ್ವಿಚಕ್ರವಾಹನದಲ್ಲಿ ಬಂದು ಖಾಲಿ ನಿವೇಶನದ ಮೂಲೆಗೆ ಕಟ್ಟಿದ ಕವರನ್ನು ಎಸೆದು ಮಾಯವಾಗುವವರು ಬಡಾವಣೆಗೆ ಹತ್ತಾರು ಮಂದಿ. ಪಾಲಿಕೆಯವರು ಬ್ಲಾಕ್ ಸ್ಪಾಟ್ ಎಂದು ಹೆಸರಿಟ್ಟು ರಂಗೋಲಿ ಹಾಕಿ ಕಾಯುವ ಆ ಮೂಲೆಗಳು, ಎಸೆತಕ್ಕೆ ಬೆಲೆ ಬಿದ್ದ ದಿನವೇ ಇಮ್ಮಡಿಯಾಗುತ್ತವೆ. ನಮ್ಮ ರಾಜಕಾಲುವೆಗಳು ಆ ಪ್ರಯೋಗವನ್ನು ತಡೆದುಕೊಳ್ಳಲಾರವು. ಮನೆಯ ವಿಸ್ತಾರಕ್ಕೆ ತಕ್ಕಂತೆ ಶುಲ್ಕವೆಂಬುದು ಸೂಕ್ಷ್ಮನ್ಯಾಯವಲ್ಲದಿರಬಹುದು. ತಪ್ಪಿಸಿಕೊಳ್ಳಲಾಗದ, ವಸೂಲಿಗೆ ಖರ್ಚಿಲ್ಲದ, ಉಳ್ಳವನಿಂದ ಹೆಚ್ಚು ಪಡೆಯುವ ಸ್ಥೂಲನ್ಯಾಯವಂತೂ ಹೌದು. ನನ್ನ ಆಕ್ಷೇಪಣೆ ಶುಲ್ಕದ ಅಳತೆಯ ಮೇಲಲ್ಲ, ಅದು ಎಲ್ಲಿಗೆ ಹೋಗುತ್ತದೆಂಬುದರ ಮೇಲೆ. ಕಸದ ಹೆಸರಿನಲ್ಲಿ ಕೂಡಿದ ಹಣದಲ್ಲಿ ಎಷ್ಟು ಪಾಲು ಹೂಳುವುದಕ್ಕೆ, ಎಷ್ಟು ಪಾಲು ಉಳಿಸುವುದಕ್ಕೆ ವ್ಯಯವಾಯಿತೆಂಬ ವಾರ್ಡುವಾರು ಲೆಕ್ಕವನ್ನು ತೆರಿಗೆ ಕಟ್ಟುವವನ ಕೈಗೆ ರಸೀದಿಯೊಡನೆ ಕೊಡುವ ಪದ್ಧತಿಯಿಲ್ಲ.

ಪುಣೆಯು ಇನ್ನೊಂದು ದಾರಿಯನ್ನು ಹಿಡಿಯಿತು. 1993ರಲ್ಲಿ ಸಂಘ ಕಟ್ಟಿಕೊಂಡ ಅಲ್ಲಿನ ಚಿಂದಿ ಆಯುವವರು, ಹೆಚ್ಚಿನವರು ದಲಿತ ಸ್ತ್ರೀಯರು, ‘ಸ್ವಚ್ಛ್’ ಎಂಬ ತಮ್ಮದೇ ಸಹಕಾರಸಂಘವನ್ನು ಸ್ಥಾಪಿಸಿ 2008ರಲ್ಲಿ ಪೌರಸಭೆಯೊಡನೆ ಕರಾರು ಮಾಡಿಕೊಂಡರು. ಮನೆಮನೆಯಿಂದ ಕಸ ತೆಗೆದುಕೊಳ್ಳುವವಳೇ ಆ ಮನೆಯಿಂದ ಮಾಸಿಕ ಶುಲ್ಕವನ್ನೂ ತೆಗೆದುಕೊಳ್ಳುತ್ತಾಳೆ. ಗುಜರಿ ಮಾರಿದ ಹಣವೂ ಅವಳದೇ. ನಡುವೆ ಗುತ್ತಿಗೆದಾರನಿಲ್ಲ. ಕೆಲಸಗಾತಿಯ ಘನತೆಯ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದ ಏರ್ಪಾಟನ್ನು ನಾನರಿಯೆ. ಆದರೆ ಕೊಡದ ಮನೆಯ ಬಾಗಿಲಲ್ಲಿ ತಿಂಗಳು ತಿಂಗಳೂ ನಿಂತು ಕೇಳಬೇಕಾದವಳು ಅವಳೇ. ಸಾಲ ವಸೂಲಿಯ ಕಷ್ಟವನ್ನು ನಗರವು ತನ್ನ ಹೆಗಲಿಂದ ಇಳಿಸಿ ಅತ್ಯಂತ ದುರ್ಬಲವಾದ ಹೆಗಲಿಗೆ ಏರಿಸಿದೆ. ಪುಣೆಯಿಂದ ಸಹಕಾರಸಂಘವನ್ನೂ ಬೆಂಗಳೂರಿನಿಂದ ತೆರಿಗೆಯ ವಸೂಲಿಯನ್ನೂ ತೆಗೆದುಕೊಂಡು ಜೋಡಿಸಿದರೆ ಎರಡು ನಗರಗಳ ಗುಣವೂ ಒಂದೆಡೆ ಕೂಡೀತು: ಶುಲ್ಕವನ್ನು ಪಾಲಿಕೆಯೇ ವಸೂಲು ಮಾಡಲಿ, ವಿಂಗಡಿಸಿ ಕಳುಹಿಸಿದ ಪ್ರತಿ ಟನ್ನಿಗೂ ಕೇಂದ್ರವನ್ನು ನಡೆಸುವವರಿಗೆ ಗೊತ್ತಾದ ಸೇವಾದರವನ್ನು ಕೊಡಲಿ, ಪೇಟೆ ಏರಿದಾಗ ಮಾರಾಟದ ಲಾಭ ಅವರದಾಗಲಿ, ಬಿದ್ದಾಗ ಸೇವಾದರವೇ ಅವರನ್ನು ಕಾಯಲಿ. ಗಾಜು, ಬಟ್ಟೆಗಳಂಥ, ತೂಕ ಹೆಚ್ಚಿ ಬೆಲೆ ತಗ್ಗಿದ ಪದಾರ್ಥಗಳಿಗೆ ಆ ದರ ಹೆಚ್ಚಾಗಿಯೇ ಇರತಕ್ಕದ್ದು.

ಇಷ್ಟಾದರೂ ಒಂದು ಬಾಕಿ ಉಳಿಯುತ್ತದೆ, ಮತ್ತು ಅದನ್ನು ಗೃಹಸ್ಥನ ತಲೆಗೆ ಕಟ್ಟಲಾಗದು. ಪದರಪದರವಾಗಿ ಪ್ಲಾಸ್ಟಿಕ್ಕನ್ನೂ ಲೋಹದ ತಗಡನ್ನೂ ಅಂಟಿಸಿ ಮಾಡಿದ ಪೊಟ್ಟಣಗಳನ್ನು ಯಾರೂ ಮರಳಿ ಬಿಡಿಸಲಾರರು, ಅವನ್ನು ಕೊಳ್ಳುವವರಿಲ್ಲ. ಸಿಮೆಂಟ್ ಕುಲುಮೆಯಲ್ಲಿ ಉರುವಲಾಗಿ ಸುಡಬಹುದೆನ್ನುತ್ತಾರೆ. ಆದರೆ ನಮ್ಮ ಸಿಮೆಂಟ್ ಕಾರ್ಖಾನೆಗಳು ಬಹುಮಟ್ಟಿಗೆ ಇರುವುದು ಕಲಬುರಗಿ ಕಡೆಯ ಸುಣ್ಣಕಲ್ಲಿನ ನೆಲದಲ್ಲಿ, ಅಲ್ಲಿಯವರೆಗಿನ ಲಾರಿಯ ಬಾಡಿಗೆಯನ್ನು ಯಾವ ಪೊಟ್ಟಣವೂ ದುಡಿದು ಕೊಡುವುದಿಲ್ಲ. ಅಂಥ ವಸ್ತುವನ್ನು ತಯಾರಿಸಿದವನೇ ಅದರ ಅಂತ್ಯಕ್ರಿಯೆಯ ಖರ್ಚನ್ನೂ ಕೊಡಬೇಕೆಂದು ಜರ್ಮನಿಯು 1991ರಲ್ಲಿಯೇ ಶಾಸನ ಮಾಡಿತು. ಭಾರತದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಅದೇ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು, 2022ರಲ್ಲಿ ಅದಕ್ಕೆ ಪ್ರಮಾಣಪತ್ರಗಳ ಕ್ರಯವಿಕ್ರಯದ ರೂಪವೂ ಬಂದಿತು. ಪ್ರಮಾಣಪತ್ರಗಳಲ್ಲಿ ನಕಲಿಯವು ಎಷ್ಟೋ ಇದ್ದುವೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿಯೇ ಹೊರಬಿತ್ತು. ಆ ಹಣವು ಕಾಗದದಿಂದ ಕಾಗದಕ್ಕೆ ಹಾರುತ್ತಿರುವಾಗ, ಶೆಡ್ಡಿನಲ್ಲಿ ಕುಳಿತು ಅದೇ ಪೊಟ್ಟಣಗಳನ್ನು ಬೇರ್ಪಡಿಸುತ್ತಿರುವ ಹೆಂಗಸಿಗೆ ಅದರಲ್ಲಿ ಪಾಲಿದೆಯೆಂಬ ಸುದ್ದಿಯೂ ಮುಟ್ಟಿಲ್ಲ. ನೀಲಗಿರಿ ಜಿಲ್ಲೆಯಲ್ಲಿ ಮದ್ಯದ ಬಾಟಲಿಯೊಂದಕ್ಕೆ 10 ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಬಾಟಲಿ ಮರಳಿದಾಗ ಹಿಂದಿರುಗಿಸುವ ಕ್ರಮವನ್ನು 2022ರಲ್ಲಿ ತಂದರು. ಗೋಲಿ ಸೋಡಾದ ಕಾಲವನ್ನು ಕಂಡವರಿಗೆ ಅದರಲ್ಲಿ ಹೊಸತೇನೂ ಇಲ್ಲ. ಬಾಟಲಿಗೆ ಒಪ್ಪುವ ಆ ಉಪಾಯ ಪೊಟ್ಟಣಕ್ಕೆ ಒಪ್ಪದು. ಪೊಟ್ಟಣಕ್ಕೆ ಬೇಕಾದುದು ತಯಾರಕನ ಹಣವು ಪ್ರಮಾಣಪತ್ರಗಳು ಕೈಬದಲಾಗುವ ದಿಲ್ಲಿಯ ಜಾಲತಾಣದಲ್ಲಿ ನಿಲ್ಲದೆ, ಒಣಕಸವನ್ನು ತೂಗಿದ ವಾರ್ಡಿನ ಕೇಂದ್ರದ ಖಾತೆಗೆ, ತೂಕದ ಚೀಟಿಯ ಆಧಾರದ ಮೇಲೆ, ನೇರವಾಗಿ ಬಂದು ಬೀಳುವ ವ್ಯವಸ್ಥೆ. ತಕ್ಕಡಿಯಂತೂ ಪ್ರತಿಯೊಂದು ಕೇಂದ್ರದಲ್ಲಿಯೂ ಈಗಾಗಲೇ ಇದೆ.