ದಮ್ಮಿನ ಚೀಟಿಯಲ್ಲಿ ಹೃದಯಕ್ಕೂ ಜಾಗ ಬೇಕು

ಹೃದಯಾಘಾತದ ಮೊದಲ ಗಂಟೆಗಳ ಚಿಕಿತ್ಸೆಯ ಮಟ್ಟಿಗೆ ಕಲಬುರಗಿಯನ್ನು ಇಂದು ಹಿಂದುಳಿದ ಊರು ಎನ್ನಲಾಗದು. 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಇಲ್ಲಿ ಉದ್ಘಾಟನೆಯಾಯಿತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲಿಯೇ ಉಚಿತವಾಗಿ ಸಿಗುತ್ತದೆ. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಈ ವ್ಯವಸ್ಥೆ ಎಚ್ಚರಗೊಳ್ಳುವುದು ಮುಖ್ಯವಾಗಿ ಎದೆನೋವಿಗೆ. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ತೊಗರಿ ಕಟ್ಟಿಗೆಯ ಒಲೆ ಮುಂದೆ ಕೂತು ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದ ಹೆಣ್ಣುಮಗಳು, ಬೀಡಿ ಬಿಡದ ರೈತ, ನಗರದ ಬೇಳೆ ಮಿಲ್ಲಿನ ದೂಳಿನಲ್ಲಿ ದುಡಿದ ಹಮಾಲ ಬಂದು ಹೇಳುವುದು ‘ದಮ್ಮ ಹತ್ತತದ’ ಎಂದಷ್ಟೆ. ದಮ್ಮಿಗೆ ನೆಬುಲೈಜರ್ ಹಚ್ಚಿ, ಗುಳಿಗೆ ಬರೆದು ಕಳಿಸಿದರೆ ಚಿಕಿತ್ಸೆ ಮುಗಿಯಿತೆಂದು ನಂಬುವ ರೂಢಿಯೇ ನನ್ನ ಆಕ್ಷೇಪದ ಗುರಿ.

ಇಂಥ ದಮ್ಮಿನ ಹಿಂದೆ ಹಲವೊಮ್ಮೆ ಇರುವುದು ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಾಯಮ್ಮಾಗಿ ಕಿರಿದಾಗುವ ಕಾಯಿಲೆ. ಅದಿರುವವರ ಮುಂದಿನ ಬದುಕನ್ನು ಶ್ವಾಸಕೋಶವೊಂದೇ ತೀರ್ಮಾನಿಸುವುದಿಲ್ಲ. ಹೃದಯದ ಅಪಾಯವೂ ಇದ್ದ ಸುಮಾರು 16,000 ಸಿಒಪಿಡಿ ರೋಗಿಗಳ ‘ಸಮಿಟ್’ ಅಧ್ಯಯನದ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿದಾಗ, ದಮ್ಮು ಉಲ್ಬಣಿಸಿದ ನಂತರದ 30 ದಿನಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಅಪಾಯ ಹೆಚ್ಚುಕಡಿಮೆ ನಾಲ್ಕು ಪಟ್ಟು ಏರಿದ್ದು ಕಂಡಿತು. ಆಸ್ಪತ್ರೆಗೆ ಸೇರಬೇಕಾದವರಲ್ಲಿ ಹತ್ತು ಪಟ್ಟಿನ ಹತ್ತಿರ. ಆಮ್ಲಜನಕ ಇಳಿಯುತ್ತದೆ, ಉರಿಯೂತ ರಕ್ತವನ್ನು ಹೆಪ್ಪುಗಟ್ಟುವತ್ತ ತಳ್ಳುತ್ತದೆ, ಹೃದಯ ಓಡತೊಡಗುತ್ತದೆ. ಅಂದರೆ, ದಮ್ಮು ಇಳಿದು ಮನೆಗೆ ಹೋದ ತಿಂಗಳೇ ಹೃದಯಕ್ಕೆ ಅತ್ಯಂತ ಕಷ್ಟದ ತಿಂಗಳು. ಇನ್ನು ಹೃದಯಾಘಾತವಾದವರಿಗೆ ‘ದಮ್ಮಿದೆ’ ಎಂಬ ಕಾರಣಕ್ಕೆ ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮದ್ದನ್ನು ತಪ್ಪಿಸುವ ಹಳೆಯ ಅಂಜಿಕೆಯಿದೆ. ಈ ಅಂಜಿಕೆಗೆ 2019ರ ‘ಬ್ಲಾಕ್’ ಪ್ರಯೋಗವನ್ನು ಆಧಾರವಾಗಿ ತೋರಿಸಬಹುದು: ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಪಡೆದ ಸಿಒಪಿಡಿ ರೋಗಿಗಳಲ್ಲಿ ದಮ್ಮು ಉಲ್ಬಣಿಸಿ ಆಸ್ಪತ್ರೆ ಸೇರಿದವರೇ ಹೆಚ್ಚು. ನಿಜ. ಆದರೆ ಹೃದಯಕ್ಕಾಗಿ ಆ ಮದ್ದು ಬೇಕೇಬೇಕಾದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲೇ ಇಲ್ಲ. ಸಿಒಪಿಡಿಗೆಂದು ಅದನ್ನು ಕೊಡಬಾರದು ಎಂಬುದಷ್ಟೇ ಅದರ ಪಾಠ. ಹೃದಯಕ್ಕೆ ಅಗತ್ಯವಿದ್ದಲ್ಲಿ ಬಿಸೊಪ್ರೊಲಾಲ್‌ನಂಥ, ಮುಖ್ಯವಾಗಿ ಹೃದಯದ ಮೇಲೆ ಕೆಲಸ ಮಾಡುವ ಮದ್ದನ್ನು ಸಿಒಪಿಡಿ ಕಾರಣಕ್ಕೆ ನಿರಾಕರಿಸಬಾರದೆಂದು ಸಿಒಪಿಡಿ ಚಿಕಿತ್ಸೆಯ ಜಾಗತಿಕ ‘ಗೋಲ್ಡ್’ ಮಾರ್ಗಸೂಚಿಯೂ ಹೇಳುತ್ತದೆ. ಆಸ್ತಮಾದ ಮಾತು ಬೇರೆ, ಅಲ್ಲಿ ಎಚ್ಚರ ಹೆಚ್ಚೇ ಬೇಕು. ಆದ್ದರಿಂದಲೇ ಎರಡನ್ನೂ ‘ದಮ್ಮು’ ಎಂದು ಒಂದೇ ಚೀಟಿಯಲ್ಲಿ ಬರೆಯುವುದು ಅಪಾಯಕಾರಿ.

ಗದ್ದಲದ ಹೊರರೋಗಿ ವಿಭಾಗದಲ್ಲಿ ಸಿಒಪಿಡಿ, ಆಸ್ತಮಾ ಬೇರ್ಪಡಿಸಿ ಹೃದಯವನ್ನೂ ನೋಡಲು ಪುರಸೊತ್ತೆಲ್ಲಿ, ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರ್ ಎಲ್ಲಿ ಎಂಬ ವೈದ್ಯರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಇಸಿಜಿಗೂ ರಕ್ತದೊತ್ತಡ ನೋಡುವುದಕ್ಕೂ ಹೊಸ ಕಟ್ಟಡ ಬೇಕಿಲ್ಲ. ಹೃದಯ ಜ್ಯೋತಿಯ ಇಸಿಜಿ ಎದೆನೋವಿನವರಿಗಷ್ಟೇ ಅಲ್ಲದೆ, ನಲವತ್ತು ದಾಟಿ ದಮ್ಮು ಉಲ್ಬಣಿಸಿ ಬಂದ ಪ್ರತಿಯೊಬ್ಬರಿಗೂ ಆಗಲಿ. ಅವರನ್ನು ತಿಂಗಳೊಳಗೆ ಇನ್ನೊಮ್ಮೆ ಕರೆದು ನೋಡುವ ದಿನಾಂಕವನ್ನು ಆರೋಗ್ಯ ಇಲಾಖೆ ಚೀಟಿಯಲ್ಲೇ ಬರೆಸಲಿ.