ಹಾಡಿನ ಖಾತೆ ಯಾರ ಹೆಸರಿಗೆ?

ಅಮೆರಿಕದ ಕಂಟ್ರಿ ಸಂಗೀತದ ಹುಟ್ಟನ್ನು ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ, ಚರ್ಚಿನ ಭಜನೆಗಳಲ್ಲಿ ಹುಡುಕುವವರೇ ಹೆಚ್ಚು. ತಪ್ಪೇನಿಲ್ಲ, ಹಾಡು ಅಲ್ಲಿಂದಲೇ ಬಂತು. ಆದರೆ ಹಾಡು ಹುಟ್ಟುವುದು ಬೇರೆ, ಒಂದು ಸಂಗೀತ ತನ್ನ ಹೆಸರಿನಲ್ಲಿ ಬೇರೂರುವುದು ಬೇರೆ. ಜಮೀನಿಗೆ ಖಾತೆ ಆಗುವಂತೆ ಹಾಡಿಗೂ ಖಾತೆ ಆದ ದಿನದಿಂದ ಕಂಟ್ರಿ ಬೇರೂರಿತು ಎಂಬುದು ನನ್ನ ವಾದ. 1927ರ ಬೇಸಿಗೆಯಲ್ಲಿ ಬ್ರಿಸ್ಟಲ್ ಎಂಬ ಊರಿನ ಟೋಪಿ-ಕೈಗವಸು ಕಂಪನಿಯೊಂದರ ಮಾಳಿಗೆಯಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ರೆಕಾರ್ಡಿಂಗ್ ಯಂತ್ರ ಹೂಡಿದ. ಆ ಊರಿನ ನಡುಬೀದಿಯೇ ಟೆನೆಸಿ-ವರ್ಜೀನಿಯಾಗಳ ಗಡಿ. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಮೊದಲ ಸಲ ಹಾಡಿ ಮುದ್ರಿಸಿದ್ದು ಅಲ್ಲಿಯೇ. ಪಿಯರ್ ವಿಕ್ಟರ್ ಕಂಪನಿಯಿಂದ ಸಂಬಳ ಕೇಳಿರಲಿಲ್ಲ, ಹಾಡುಗಳ ಹಕ್ಕು ತನಗಿರಲಿ ಎಂದಿದ್ದ. 1909ರ ಕಾಯ್ದೆಯ ಪ್ರಕಾರ ಮಾರಾಟವಾದ ಪ್ರತಿ ರೆಕಾರ್ಡಿನಲ್ಲಿ ಹಾಡೊಂದಕ್ಕೆ ಎರಡು ಸೆಂಟು ಹಕ್ಕುದಾರನಿಗೆ ಸಲ್ಲಬೇಕಿತ್ತು. ಹಾಡಿದವರಿಗೆ ಹಾಡಿಗೆ ಐವತ್ತು ಡಾಲರ್, ಜೊತೆಗೆ ರಾಯಲ್ಟಿಯಲ್ಲಿ ಸಣ್ಣದೊಂದು ಪಾಲು. ಎಲ್ಲರ ಬಾಯಲ್ಲಿರುವ ಹಾಡಿಗೆ ಹಕ್ಕು ಸಿಗದಾದ್ದರಿಂದ ಅವನಿಗೆ ಹೊಸ ಹಾಡು ಬೇಕು, ಇಲ್ಲವೇ ಹೊಸದಾಗಿ ಹೊಸೆದ ಹಳೆಯ ಹಾಡು. ಎ.ಪಿ. ಕಾರ್ಟರ್ ಮನೆಮನೆ ಅಲೆದು ಹಾಡು ಹೆಕ್ಕಿದ್ದರ ಹಿಂದೆ ಈ ಲೆಕ್ಕವೂ ಇತ್ತು. ಜೊತೆಗೆ ಅಲೆದು ಧಾಟಿಗಳನ್ನು ನೆನಪಿನಲ್ಲಿ ಹೊತ್ತು ತಂದವನು ಲೆಸ್ಲಿ ರಿಡಲ್ ಎಂಬ ಕಪ್ಪು ಸಂಗೀತಗಾರ. ಖಾತೆ ಆದದ್ದು ಮಾತ್ರ ಕಾರ್ಟರ್ ಹೆಸರಿಗೆ.

ರೇಡಿಯೊದಲ್ಲಿ, ಹೋಟೆಲಿನಲ್ಲಿ ಹಾಡು ಮೊಳಗಿದಾಗ ಬರುವ ಹಣದ ಕತೆ ಬೇರೆಯೇ. ಅದನ್ನು ವಸೂಲಿ ಮಾಡಲು 1914ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಸಂಘ ಆಸ್ಕ್ಯಾಪ್. ಬ್ರಾಡ್‌ವೇ ಮತ್ತು ಸಿನಿಮಾ ಹಾಡುಗಳ ದೊಡ್ಡವರ ಸಂಘ ಅದು; ದಕ್ಷಿಣದ ಹಾಡುಗಾರರಿಗೆ ಅದರ ಹೊಸಿಲು ದಾಟುವುದೇ ಕಷ್ಟವಿತ್ತು. ಆಸ್ಕ್ಯಾಪ್ ದರ ಏರಿಸಲು ಹೊರಟಾಗ ರೇಡಿಯೊದವರು 1939ರಲ್ಲಿ ಬಿಎಂಐ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು. 1941ರ ಜನವರಿಯಿಂದ ಅಕ್ಟೋಬರ್ ಕೊನೆಯವರೆಗೆ ದೊಡ್ಡ ರೇಡಿಯೊ ಜಾಲಗಳಲ್ಲಿ ಆಸ್ಕ್ಯಾಪ್ ಹಾಡುಗಳು ಬಂದ್. 1864ರಲ್ಲೇ ತೀರಿಕೊಂಡ ಸ್ಟೀಫನ್ ಫಾಸ್ಟರನ ಹಾಡುಗಳನ್ನು ಕೇಳುಗರು ಸಾಕುಸಾಕೆನ್ನುವಷ್ಟು ಹಾಕಿದರು, ಏಕೆಂದರೆ ಅವಕ್ಕೆ ಯಾರ ಹಕ್ಕೂ ಇರಲಿಲ್ಲ. ಬಿಎಂಐಗೆ ಹಾಡು ಬೇಕಿತ್ತು, ಹಳ್ಳಿ ಹಾಡುಗಾರರಿಗೆ ಸಂಘ ಬೇಕಿತ್ತು. 1942ರಲ್ಲಿ ಗಾಯಕ ರಾಯ್ ಎಕಫ್ ಮತ್ತು ಹಾಡು ಬರೆಯುವ ಫ್ರೆಡ್ ರೋಸ್ ನ್ಯಾಶ್‌ವಿಲ್‌ನಲ್ಲಿ ಶುರುಮಾಡಿದ ಪ್ರಕಾಶನ ಸಂಸ್ಥೆಗೆ ಬಿಎಂಐ ಮುಂಗಡ ಹಣ ಕೊಟ್ಟಿತು. ಸಣ್ಣ ಊರಿನ ರೇಡಿಯೊದಲ್ಲಿ ತಿರುಗಿದ ರೆಕಾರ್ಡನ್ನೂ ಅದು ಲೆಕ್ಕಕ್ಕೆ ಹಿಡಿಯಿತು. ಹಾಡು ಬರೆಯುವವನಿಗೆ ನ್ಯಾಶ್‌ವಿಲ್ ಬಿಟ್ಟು ಹೋಗದೆಯೂ ಅನ್ನ ಹುಟ್ಟುವಂತಾಯಿತು.

ಗ್ರ್ಯಾಂಡ್ ಓಲ್ ಆಪ್ರಿ ಎಂಬ ನ್ಯಾಶ್‌ವಿಲ್‌ನ ರೇಡಿಯೊ ಕಾರ್ಯಕ್ರಮ 1925ರಿಂದಲೇ ಪ್ರಸಾರವಾಗುತ್ತಿತ್ತಲ್ಲ, ಜನ ಕೇಳುತ್ತಿದ್ದರಲ್ಲ, ಸಂಘ-ಲೆಕ್ಕಗಳ ಹಂಗೇಕೆ ಎಂದು ಕೇಳಬಹುದು. ಜನರ ಪ್ರೀತಿ ಇತ್ತು ನಿಜ, ಆದರೆ ಪ್ರೀತಿ ತಾನಾಗಿ ಹಾಡು ಬರೆದವನ ಮನೆ ತಲುಪುವುದಿಲ್ಲ. 1950ರ ದಶಕದ ನಡುವಿನಲ್ಲಿ ರಾಕ್ ಅಂಡ್ ರೋಲ್ ಅಲೆ ಎದ್ದಾಗ ಕಂಟ್ರಿ ಹಾಕುವ ಸ್ಟೇಷನ್‌ಗಳು ಒಂದೊಂದಾಗಿ ಕೈಬಿಟ್ಟವು. ಕೇಳುಗರ ಪ್ರೀತಿ ಅದನ್ನು ತಡೆಯಲಿಲ್ಲ. ಅದೇ ಹೊತ್ತಿಗೆ ಬಿಎಂಐ ಕೈ ಕಟ್ಟಿಹಾಕುವ ಮಸೂದೆಯ ವಿಚಾರಣೆ ಅಮೆರಿಕದ ಸೆನೆಟ್‌ನಲ್ಲಿ ನಡೆಯಿತು. ಹಳ್ಳಿ ಹಾಡನ್ನು ರೇಡಿಯೊದವರು ತಮ್ಮ ಲಾಭಕ್ಕೆ ಜನರ ಕಿವಿಗೆ ತುರುಕುತ್ತಿದ್ದಾರೆ ಎಂದು ಲೇಖಕ ವಾನ್ಸ್ ಪ್ಯಾಕರ್ಡ್ ಸಾಕ್ಷಿ ನುಡಿದ. ಅದಕ್ಕೆ ಉತ್ತರ ಕೊಡಲು ಟೆನೆಸಿಯ ಗವರ್ನರೇ ಹೋಗಬೇಕಾಯಿತು. 1958ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಹುಟ್ಟಿದ್ದು ಈ ಬಿಕ್ಕಟ್ಟಿನಲ್ಲಿ. ಅದು ಜಾನಪದ ಪರಿಷತ್ತಲ್ಲ, ಪಕ್ಕಾ ವ್ಯಾಪಾರಿ ಸಂಘ. ನಮ್ಮ ಕೇಳುಗರು ಸಾಮಾನು ಕೊಳ್ಳುವ ಜನ ಎಂದು ಜಾಹೀರಾತುದಾರರ ಮನವೊಲಿಸುವುದೇ ಅದರ ಕಸುಬು. 1961ರಲ್ಲಿ ದಿನವಿಡೀ ಕಂಟ್ರಿ ಹಾಕುತ್ತಿದ್ದ ಸ್ಟೇಷನ್‌ಗಳು 81. 1969ರ ಹೊತ್ತಿಗೆ 606. ಪಿಟೀಲಿನ ಒರಟುತನ ಹೋಗಿ ನುಣುಪು ಬಂತೆಂದು ಹಳಬರು ಗೊಣಗಿದರು. ಗೊಣಗಿದ್ದರಲ್ಲಿ ಹುರುಳಿತ್ತು, ಆದರೂ 81ರಲ್ಲೇ ನಿಂತಿದ್ದರೆ ಗೊಣಗಲಿಕ್ಕೂ ಏನೂ ಉಳಿಯುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಖಾತೆ ಪುಸ್ತಕ ಕೆಲವರನ್ನು ಒಳಗೆ ಬರೆದುಕೊಂಡಂತೆ ಕೆಲವರನ್ನು ಹೊರಗೂ ಹಾಕಿತು. ಮೌತ್ ಆರ್ಗನ್‌ನಲ್ಲಿ ರೈಲು ಓಡಿಸುತ್ತಿದ್ದ ಡಿಫೋರ್ಡ್ ಬೇಲಿ ಆಪ್ರಿಯ ಮೊದಲ ಕಪ್ಪು ತಾರೆ. 1941ರ ಬಹಿಷ್ಕಾರದಲ್ಲಿ ಅವನ ಹೆಸರಾಂತ ಧಾಟಿಗಳು ಆಸ್ಕ್ಯಾಪ್ ಪಾಲಿನವೆಂದು ನುಡಿಸದಂತಾದವು. ಅದೇ ವರ್ಷ ಅವನನ್ನು ಕೆಲಸದಿಂದ ತೆಗೆದರು. ಹೊಸದು ಕಲಿಯಲು ಸೋಮಾರಿ ಎಂದು ಆಪ್ರಿಯ ಸ್ಥಾಪಕ ಜಾರ್ಜ್ ಹೇ ಬರೆದ. ಬೇರೆ ಹಾಡುಗಾರರ ಕೈಗೆ ಬಾಗಿಲ ಕೀಲಿ ಕೊಟ್ಟ ಆಸ್ಕ್ಯಾಪ್-ರೇಡಿಯೊ ಜಗಳವೇ ಬೇಲಿಯನ್ನು ಹೊರದಬ್ಬಲು ನೆಪವಾಯಿತು. ಹಕ್ಕಿನ ಏರ್ಪಾಡೇ ತಪ್ಪೆಂದು ನಾನು ಇದರಿಂದ ಹೇಳಲಾರೆ. ರಿಡಲ್‌ಗೂ ಬೇಲಿಗೂ ಆದ ಅನ್ಯಾಯ ಹಕ್ಕು ಇದ್ದದ್ದರಿಂದಲ್ಲ, ಅದನ್ನು ಬರೆಯುವ ಲೇಖನಿ ಅವರ ಕೈಯಲ್ಲಿ ಇಲ್ಲದ್ದರಿಂದ. ಅಸೋಸಿಯೇಷನ್ 1961ರಲ್ಲಿ ಕೀರ್ತಿಮಂದಿರ ಸ್ಥಾಪಿಸಿ ಮೊದಲು ಸೇರಿಸಿದ್ದು ಜಿಮ್ಮಿ ರಾಜರ್ಸ್, ಹ್ಯಾಂಕ್ ವಿಲಿಯಮ್ಸ್, ಜೊತೆಗೆ ಪ್ರಕಾಶಕ ಫ್ರೆಡ್ ರೋಸ್‌ನನ್ನು. ಆಪ್ರಿ ಬಿಟ್ಟ ಮೇಲೆ ಬೂಟು ಪಾಲಿಶಿನ ಅಂಗಡಿ ನಡೆಸಿದ ಬೇಲಿ 1982ರಲ್ಲಿ ತೀರಿಕೊಂಡ. ಕೀರ್ತಿಮಂದಿರಕ್ಕೆ ಅವನ ಹೆಸರು ಸೇರಿದ್ದು 2005ರಲ್ಲಿ.